ಮೈಕೆಲ್ ಅಂದರೆ ಒಂದು ಪ್ರಶ್ನೆ

ಮೈಕೆಲ್ ಅನ್ನೋ ಹೆಸರಿನ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇರಬೇಕಿತ್ತು. ಹೀಬ್ರೂವಿನಲ್ಲಿ ಅದು ಮೀ-ಖಾ-ಏಲ್. 'ಮೀ' ಅಂದರೆ ಯಾರು, 'ಖಾ' ಅಂದರೆ ಹಾಗೆ, 'ಏಲ್' ಅಂದರೆ ದೇವರು. 'ದೇವರಂಥವನು ಯಾರಿದ್ದಾನೆ?' ಅಂತ ಕೇಳುತ್ತಿದೆ ಆ ಹೆಸರು.

ಹಳೆಯ ಹೀಬ್ರೂ ಹೆಸರುಗಳಲ್ಲಿ ಇಂಥ ಪುಟ್ಟ ವಾಕ್ಯಗಳೇ ಜಾಸ್ತಿ. 'ನತಾನ್' ಅಂದರೆ ಕೊಟ್ಟ. ಅದಕ್ಕೆ ಏಲ್ ಸೇರಿದರೆ ನೆತನೇಲ್, 'ದೇವರು ಕೊಟ್ಟ'. ಯೆಹೋವ ಎಂಬ ದೇವರ ಹೆಸರಿನ ಮೊಟಕು ರೂಪ 'ಯಾಹು' ಸೇರಿದರೆ ನೆತನ್ಯಾಹು. ಅದೇ ಮೊಟಕು ರೂಪ 'ಯೋ' ಆಗಿ ಮುಂದೆ ಬಂದು ಕೂತರೆ ಯೋನಾತಾನ್, ಅಂದರೆ ಜೊನಾಥನ್. ಮೂರರ ಮಾತೂ ಒಂದೇ. ನಮ್ಮ ದೇವದತ್ತನೂ ಅದನ್ನೇ ಹೇಳ್ತಾನೆ, ಅಲ್ವಾ? ಇನ್ನು ಯೋಹಾನಾನ್, 'ಯೆಹೋವ ಕರುಣೆ ತೋರಿದ'. ಊರೂರು ಅಲೆದು ಜಾನ್, ಇವಾನ್, ಹುವಾನ್ ಆದವನು ಇವನೇ.

ಇಂಥ ಒಂದು ಹೆಸರು ಮಣ್ಣಿನಲ್ಲಿ ಸಿಕ್ಕ ಕಥೆ ನನಗೆ ಬಹಳ ಇಷ್ಟ. 1982ರಲ್ಲಿ ಜೆರುಸಲೇಮಿನ 'ದಾವೀದನ ನಗರ' ಎಂಬ ಜಾಗದಲ್ಲಿ ಯಿಗಾಲ್ ಶಿಲೋ ಅವರ ತಂಡ ಅಗೆಯುತ್ತಿತ್ತು. ಒಂದು ಮನೆಯ ಅವಶೇಷದಲ್ಲಿ 51 ಮಣ್ಣಿನ ಮುದ್ರೆಗಳು ಸಿಕ್ಕವು. ಒಂದೊಂದೂ ಬೆರಳ ತುದಿಯಷ್ಟು. ಆಗ ಪಪೈರಸ್ ಪತ್ರವನ್ನು ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ ಮುದ್ರೆ ಒತ್ತುತ್ತಿದ್ದರು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಪತ್ರಗಳೆಲ್ಲ ಸುಟ್ಟುಹೋದವು. ಮುದ್ರೆಗಳು ಮಾತ್ರ ಇಟ್ಟಿಗೆಯ ಹಾಗೆ ಬೆಂದು ಗಟ್ಟಿಯಾಗಿ ಉಳಿದವು.

ಅದರಲ್ಲೊಂದರ ಮೇಲೆ 'ಶಾಫಾನನ ಮಗ ಗೆಮರ್ಯಾಹುವಿನದು' ಎಂದಿದೆ. ಬೈಬಲ್ಲಿನ ಯೆರೆಮೀಯನ ಗ್ರಂಥದಲ್ಲಿ ಇದೇ ಹೆಸರಿನ ಅಧಿಕಾರಿ ಬರುತ್ತಾನೆ. ಪ್ರವಾದಿ ಯೆರೆಮೀಯನ ಸುರುಳಿಯನ್ನು ಲಿಪಿಕಾರ ಬಾರೂಕ ಜನರಿಗೆ ಓದಿ ಹೇಳಿದ್ದು ಈ ಅಧಿಕಾರಿಯ ಕೋಣೆಯಲ್ಲೇ. ಗೆಮರ್ಯಾಹು ಅಂದರೆ 'ಯೆಹೋವ ಪೂರೈಸಿದ'. ಅಪ್ಪ ಶಾಫಾನ್ ಮಾತ್ರ ಒಂದು ಪ್ರಾಣಿ! ಬಂಡೆ ಸಂದಿಯಲ್ಲಿ ಬದುಕುವ, ಮೊಲದಷ್ಟು ಗಾತ್ರದ ಪ್ರಾಣಿ. ಅಪ್ಪನದು ಬಂಡೆ ಪ್ರಾಣಿ, ಮಗನದು ದೇವರ ವಾಕ್ಯ. ಅದೇನು ಅಪರೂಪವಲ್ಲ. ದೆಬೋರಾ ಜೇನ್ನೊಣ, ಯೋನ ಪಾರಿವಾಳ, ರಾಹೇಲ್ ಹೆಣ್ಣು ಕುರಿ.

ಹೆಸರಿನೊಳಗೆ ದೇವರು ಕೂತ ಮೇಲೆ ಜಗಳವೂ ಬರುತ್ತದೆ. ಸೌಲ ರಾಜನ ಒಬ್ಬ ಮಗ ಎಷ್ಬಾಳ, 'ಬಾಳನ ಮನುಷ್ಯ'. ಬಾಳ ಅಂದರೆ ಒಡೆಯ, ಆದರೆ ಅದು ಕಾನಾನ್ ನಾಡಿನ ಒಂದು ದೇವರ ಹೆಸರೂ ಹೌದು. ಆಮೇಲಿನವರಿಗೆ ಇದು ಹಿಡಿಸಲಿಲ್ಲ. ಬೈಬಲ್ಲಿನ ಪೂರ್ವಕಾಲವೃತ್ತಾಂತದಲ್ಲಿ ಅವನು ಎಷ್ಬಾಳನಾಗಿಯೇ ಉಳಿದಿದ್ದಾನೆ. ಸಮುವೇಲನ ಗ್ರಂಥದಲ್ಲಿ ಮಾತ್ರ ಈಷ್ಬೋಶೆತ್, ಅಂದರೆ 'ನಾಚಿಕೆಯ ಮನುಷ್ಯ'. ಪಾಪ, ಯಾವ ತಾಯಿ ಮಗನಿಗೆ ಆ ಹೆಸರು ಇಟ್ಟಾಳು? ನಕಲು ಮಾಡುತ್ತಾ ಹೋದ ಲಿಪಿಕಾರರು ಬದಲಿಸಿದ್ದು ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಬೈಬಲ್ ತಾನೇ ಹೇಳುವ ಅರ್ಥಗಳನ್ನೂ ಸುಮ್ನೆ ಒಪ್ಪಿಕೊಳ್ಳುವ ಹಾಗಿಲ್ಲ. ಯಾಕೋಬ ಅವಳಿ ಅಣ್ಣನ ಹಿಮ್ಮಡಿ ಹಿಡಿದು ಹುಟ್ಟಿದ, ಹಿಮ್ಮಡಿಗೆ 'ಅಕೇವ್' ಅನ್ನುವುದರಿಂದ ಆ ಹೆಸರು ಎನ್ನುತ್ತದೆ ಕಥೆ. ಭಾಷಾತಜ್ಞರು ಅದನ್ನು 'ದೇವರು ಕಾಪಾಡಲಿ' ಎಂಬ ಉದ್ದ ಹೆಸರಿನ ತುಂಡು ಎಂದು ನೋಡುತ್ತಾರೆ. ಮೋಶೆ, ಅಂದರೆ ಮೋಸೆಸ್, ನೀರಿನಿಂದ 'ಎಳೆದು ತೆಗೆದವನು' ಎಂದಿದೆ. ಆದರೆ ಈಜಿಪ್ಟಿನ ರಾಜರ ಹೆಸರು ನೋಡಿ: ಥುಟ್‌ಮೋಸ್, ಆಹ್‌ಮೋಸ್. 'ಮೋಸ್' ಅಂದರೆ ಅಲ್ಲಿ 'ಹುಟ್ಟಿದವನು'. ಮೋಶೆಯ ಹೆಸರಿನ ಬೇರು ಅಲ್ಲೇ ಇರಬೇಕು. ಕಥೆಗಳು ಹೆಸರಿಗೆ ಆಮೇಲೆ ಹೊಲಿದ ಅಂಗಿಗಳು. ಹಾಗಂತ ಕಥೆ ಕೆಟ್ಟದ್ದೇನಲ್ಲ. ತೊಂಬತ್ತರ ಮುದುಕಿ ಸಾರ, ನನಗೆ ಮಗುವಾ ಅಂತ ನಕ್ಕಳಂತೆ. ಹುಟ್ಟಿದ ಮಗ ಇಸಾಕ, 'ನಗುತ್ತಾನೆ'.

ಇಂಥ ಒಂದು ಹೆಸರು ನಮ್ಮ ಮಂಗಳೂರಿಗೂ ಬಂದಿತ್ತು. 1132ರಲ್ಲಿ ಅಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಟ್ಯುನೀಶಿಯಾ ಕಡೆಯವನು. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಇವಳೇ ಎಂದು ಇತಿಹಾಸಕಾರರು ನಂಬುತ್ತಾರೆ. ಕೈರೋದ ಯಹೂದಿಗಳು ದೇವರ ಹೆಸರಿರುವ ಹಾಳೆಯನ್ನು ಎಸೆಯದೆ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ಬೆನ್ ಯಿಜುವಿನ ಕಾಗದಗಳು ಉಳಿದದ್ದು ಅಲ್ಲಿ. ಬಿಡುಗಡೆಯ ಪತ್ರದಲ್ಲಿ ಅಶುವಿಗೆ ಹೊಸ ಹೆಸರು ಇದೆ: ಬೆರಾಖಾ, 'ಆಶೀರ್ವಾದ'. ಗೆಮರ್ಯಾಹುವಿನ ಕೋಣೆಯಲ್ಲಿ ನಿಂತು ಓದಿದ ಬಾರೂಕನ ಹೆಸರೂ ಅದೇ ಧಾತುವಿನದು.