ಮೂರನೇ ಕಾಲಂನಲ್ಲಿ ‘ಹುಷಾರಾಗಿ’ ಅಂತ ಬರೆದರೆ ಜೆಎಸ್‌ಎ ಆಗುತ್ತಾ?

ಪ್ರಶ್ನೆ: ಸರ್, ನಮ್ಮ ಮಿಲ್ಲಿನ ಮ್ಯಾನೇಜರ್, ಸೂಪರ್‌ವೈಸರ್‌ಗಳಿಗೆ ಜೆಎಸ್‌ಎ (ಜಾಬ್ ಸೇಫ್ಟಿ ಅನಾಲಿಸಿಸ್, ಅಂದರೆ ಒಂದು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ಅಪಾಯ ಹುಡುಕೋದು) ಮಾಡೋದು ಕಲಿಸಬೇಕು. ಅರ್ಧ ದಿನದ ಟ್ರೇನಿಂಗ್ ಸಾಕಾಗುತ್ತಾ? ರೆಡಿ ಫಾರ್ಮ್ಯಾಟ್ ಇದ್ದರೆ ವಾಟ್ಸ್ಆ್ಯಪ್ ಮಾಡ್ತೀರಾ?

ಈ ಪ್ರಶ್ನೆ ಗಂಗಾವತಿಯ ರೈಸ್ ಮಿಲ್‌ನವರು ಕೇಳಿದ್ದಾರೆ, ಗಿಣಿಗೇರಿ ಕಡೆಯ ಕಾರ್ಖಾನೆಯವರು ಕೇಳಿದ್ದಾರೆ, ತೋರಣಗಲ್ಲಿನಲ್ಲಿ ಗುತ್ತಿಗೆ ಹಿಡಿದವರು ಕೇಳಿದ್ದಾರೆ, ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯೂನಿಟ್ ನಡೆಸುವವರೂ ಕೇಳಿದ್ದಾರೆ. ಆಡಿಟ್ ಹತ್ತಿರ ಬಂದಾಗ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅರ್ಧ ದಿನ ಸಾಲದು. ಫಾರ್ಮ್ಯಾಟ್ ಕಳಿಸುವುದಿಲ್ಲ. ಅದರಲ್ಲಿ ಇರುವುದು ಮೂರೇ ಕಾಲಂ: ಕೆಲಸದ ಹಂತ, ಆ ಹಂತದಲ್ಲಿ ಏನು ಕೆಡಬಹುದು, ಅದಕ್ಕೆ ನಾವೇನು ಮಾಡುತ್ತೇವೆ. ಸ್ಕೇಲ್ ಇಟ್ಟು ನೀವೇ ಗೆರೆ ಎಳೆದುಕೊಳ್ಳಿ. ಮೊದಲೆರಡು ಕಾಲಂ ಹೇಗೋ ತುಂಬುತ್ತವೆ. ನನ್ನ ಜಗಳ ಇರುವುದು ಮೂರನೆಯದರ ಜೊತೆ.

ಯಾವ ಕಾರ್ಖಾನೆಯ ಫೈಲ್ ತೆಗೆದರೂ ಮೂರನೇ ಕಾಲಂನಲ್ಲಿ ಅದೇ ಪಾಠ. ‘ಎಚ್ಚರಿಕೆಯಿಂದ ಕೆಲಸ ಮಾಡಬೇಕು.’ ‘ಹೆಲ್ಮೆಟ್, ಗ್ಲೌಸ್ ಧರಿಸಬೇಕು.’ ‘ಕಾರ್ಮಿಕರಿಗೆ ತಿಳಿವಳಿಕೆ ನೀಡಬೇಕು.’ ಕೆಳಗೆ ಸಹಿ, ಮೇಲೊಂದು ಸೀಲು. ಕೆಲಸ ಬಾಯ್ಲರ್‌ನದಾಗಲಿ, ಕ್ರೇನ್‌ನದಾಗಲಿ, ಕಿಲ್ನ್‌ನದಾಗಲಿ, ಮದ್ದು ಮಾತ್ರ ಅದೇ. ಜ್ವರಕ್ಕೂ ಚೇಳು ಕಡಿದದ್ದಕ್ಕೂ ಒಂದೇ ಗುಳಿಗೆ ಕೊಡುವ ಡಾಕ್ಟರ್ ಹತ್ತಿರ ನೀವು ಎರಡನೇ ಸಲ ಹೋಗುತ್ತೀರಾ?

ಇದರ ಬೇರು ಒಂದು ಹಳೇ ನಂಬಿಕೆಯಲ್ಲಿದೆ. ಅಪಘಾತ ಆಗುವುದೇ ಕೆಲಸಗಾರರ ಅಜಾಗರೂಕತೆಯಿಂದ ಅನ್ನುವ ನಂಬಿಕೆ. ಪ್ರತಿ ಟ್ರೇನಿಂಗ್‌ನಲ್ಲೂ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ. “ಸರ್, ನೀವು ಏನಾರ ಹೇಳ್ರಿ, ನೂರಕ್ಕ ತೊಂಬತ್ತು ಇವರ ನಿರ್ಲಕ್ಷ್ಯನ ರೀ.” ಈ ತೊಂಬತ್ತು ಎಲ್ಲಿಂದ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ನಾನು ಹೇಳುತ್ತೇನೆ ಕೇಳಿ.

ಅದು ಅಮೆರಿಕದಿಂದ ಬಂದದ್ದು, 1931ರಲ್ಲಿ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿದ್ದ ಹೈನ್ರಿಕ್ ಎಂಬುವರು 75 ಸಾವಿರ ಅಪಘಾತಗಳ ದಾಖಲೆ ನೋಡಿ, ಶೇ. 88 ಮನುಷ್ಯರ ತಪ್ಪು, ಶೇ. 10 ಯಂತ್ರ ಮತ್ತು ಜಾಗದ ದೋಷ, ಶೇ. 2 ತಡೆಯಲಾಗದ್ದು ಅಂತ ಲೆಕ್ಕ ಹಾಕಿದರು. ದಾಖಲೆ ಅಂದರೆ ಏನು? ಇನ್ಶೂರೆನ್ಸ್ ಕ್ಲೇಮಿನ ಕಾಗದ, ಕಾರ್ಖಾನೆಗಳು ಇಟ್ಟ ವರದಿ. ಒಂದು ಅಪಘಾತಕ್ಕೆ ಒಂದೇ ಕಾರಣ, ಮನುಷ್ಯನೋ ಯಂತ್ರವೋ ಆರಿಸಿಕೊಳ್ಳಬೇಕು. ಅಂಥ ವರದಿ ಬರೆಯುವವನು ಸೂಪರ್‌ವೈಸರ್. ‘ಮೆಷಿನ್ ಮೇಲಿನ ಗಾರ್ಡ್ ಬಿಚ್ಚಿಟ್ಟು ಮೂರು ತಿಂಗಳಾಗಿತ್ತು, ನಾನೇ ಹಾಕಿಸಲಿಲ್ಲ’ ಅಂತ ತನ್ನ ಕೈಯಾರೆ ಯಾರಾದರೂ ಬರೆದುಕೊಳ್ಳುತ್ತಾರಾ? ಆ ಮೂಲ ಕಾಗದಗಳು ಈಗ ಯಾರ ಕೈಗೂ ಸಿಗುವುದಿಲ್ಲ, ಹಾಗಾಗಿ ಮರುಲೆಕ್ಕಕ್ಕೂ ದಾರಿಯಿಲ್ಲ. ಇನ್ನೊಂದು ತಮಾಷೆ ಇದೆ. ಯಂತ್ರದ ಕಡೆಯ ಅಪಾಯ ಸರಿ ಮಾಡದ ಸುರಕ್ಷತಾ ಕಾರ್ಯಕ್ರಮ ಪೂರ್ತಿ ಆಗುವುದಿಲ್ಲ ಅಂತ ಹೈನ್ರಿಕ್ ತಾವೇ ಹೇಳಿದ್ದರು. ಆ ಮಾತು ತೋರಣಗಲ್ಲು ತನಕ ಬರಲಿಲ್ಲ, 88 ಮಾತ್ರ ಬಂತು. ಬರುವ ದಾರಿಯಲ್ಲಿ 90 ಆಯಿತು.

ಸರಿ, ಅಮೆರಿಕ ಬಿಡಿ, ಮಿಲ್ಲಿಗೆ ಬನ್ನಿ. ಬೆಲ್ಟಿಗೆ ಬಕೆಟ್ ಕಟ್ಟಿ ಭತ್ತವನ್ನು ಮೇಲಕ್ಕೆ ಒಯ್ಯುವ ಬಕೆಟ್ ಎಲಿವೇಟರ್ ನಿಮಗೆ ಗೊತ್ತಲ್ಲ. ಅದರ ಬುಡದಲ್ಲಿ ಭತ್ತ ಬಂದು ಬೀಳುವ ಪೆಟ್ಟಿಗೆಗೆ ‘ಬೂಟ್’ ಅನ್ನುತ್ತಾರೆ, ಅದು ಆಗಾಗ ಚೋಕ್ ಆಗುತ್ತದೆ. ಒಂದು ಮಿಲ್ಲಿನಲ್ಲಿ, ಹೆಸರು ಬೇಡ, ಒಬ್ಬ ಆಪರೇಟರ್ ಮುಚ್ಚಳ ತೆಗೆದು ಮೊಣಕೈ ತನಕ ಕೈ ಹಾಕಿ ಭತ್ತ ಬಾಚುತ್ತಿದ್ದ. ನೋಡಿ ನನ್ನ ಎದೆ ಝಲ್ ಅಂತು. ದಿನಕ್ಕೆ ಎಷ್ಟು ಸಲ ಹೀಗೆ ಅಂತ ಕೇಳಿದೆ. “ಹಸಿ ಭತ್ತ ಬಂದ ದಿನ ಎಂಟ್ಹತ್ತು ಸಲ ಆಗತೈತ್ರಿ ಸಾಹೇಬ್ರ. ಪೂರಾ ಬಂದ್ ಮಾಡಿದ್ರ ಯಾಕ ನಿಂತತಿ ಅಂತ ಸಾವ್ಕಾರ್ರು ಬೈತಾರ್ರಿ.” ಆ ಕೆಲಸದ ಜೆಎಸ್‌ಎ ಫೈಲ್‌ನಲ್ಲಿತ್ತು. ಮೂರನೇ ಕಾಲಂ: ‘ಬೂಟ್ ಸ್ವಚ್ಛ ಮಾಡುವಾಗ ಎಚ್ಚರಿಕೆ ವಹಿಸುವುದು, ಗ್ಲೌಸ್ ಧರಿಸುವುದು.’

ಈಗ ಹುಷಾರಾಗಿರುವ ಒಬ್ಬನನ್ನೇ ಅಲ್ಲಿ ನಿಲ್ಲಿಸಿ ನೋಡೋಣ. ಅವನು ಸ್ಟಾಪ್ ಬಟನ್ ಒತ್ತಿ ಕೈ ಹಾಕಿದ. ಸ್ಟಾಪ್ ಬಟನ್ ಒತ್ತಿದರೆ ಮೋಟಾರ್ ನಿಲ್ಲುತ್ತದೆ, ಆದರೆ ಪ್ಯಾನೆಲ್ ಹತ್ತಿರ ಇರುವ ಇನ್ನೊಬ್ಬ ಯಾವಾಗ ಬೇಕಾದರೂ ಸ್ಟಾರ್ಟ್ ಒತ್ತಬಹುದು. ಅವನಿಗೆ ಕೆಳಗೆ ಕೈ ಇದೆ ಅಂತ ಹೇಗೆ ಕಾಣಬೇಕು? ಹೋಗಲಿ, ಮೇನ್ ಸ್ವಿಚ್ಚನ್ನೇ ತೆಗೆದ ಅಂದುಕೊಳ್ಳಿ. ಬೆಲ್ಟಿನ ಒಂದು ಪಕ್ಕದ ಬಕೆಟ್‌ಗಳಲ್ಲಿ ಮೇಲಿನ ತನಕ ಭತ್ತ ತುಂಬಿ ನಿಂತಿದೆ, ಆ ತೂಕವನ್ನು ತಡೆದಿರುವುದು ಬೂಟ್‌ನಲ್ಲಿ ಗಿಡಿದ ಭತ್ತವೇ. ಇವನು ಅದನ್ನು ಬಾಚಿದ ಕೂಡಲೇ, ಹಿಂದಕ್ಕೆ ತಿರುಗದಂತೆ ಹಿಡಿಯುವ ಬ್ಯಾಕ್‌ಸ್ಟಾಪ್ ಇಲ್ಲದಿದ್ದರೆ, ಕರೆಂಟೇ ಇಲ್ಲದೆ ಬೆಲ್ಟ್ ಜರ್ರನೆ ಹಿಂದಕ್ಕೆ ಬರುತ್ತದೆ. ಗ್ಲೌಸ್ ಇದ್ದರೆ ಇನ್ನೂ ಕೆಟ್ಟದ್ದು. ತಿರುಗುವ ಯಂತ್ರ ಗ್ಲೌಸಿನ ತುದಿ ಹಿಡಿದರೆ ಕೈಯನ್ನೂ ಸೇರಿಸಿ ಎಳೆದುಕೊಳ್ಳುತ್ತದೆ. ಹೇಳಿ, ಇದರಲ್ಲಿ ಅವನ ಅಜಾಗರೂಕತೆ ಎಲ್ಲಿದೆ?

ಕೇಳಬೇಕಾದ ಪ್ರಶ್ನೆ ಬೇರೆ. ಬೂಟ್ ಚೋಕ್ ಆಗುವುದೇ ಯಾಕೆ? ಭತ್ತ ಬಿಡುವ ಫೀಡ್ ಗೇಟ್ ಜಾಸ್ತಿ ತೆರೆದಿರುತ್ತದೆ, ಬೆಲ್ಟ್ ಲೂಸ್ ಇರುತ್ತದೆ, ಹಸಿ ಭತ್ತವನ್ನು ಒಣ ಭತ್ತದ ವೇಗದಲ್ಲೇ ಬಿಡುತ್ತಿರುತ್ತಾರೆ. ಅದನ್ನು ಸರಿ ಮಾಡಿದರೆ ಕೈ ಹಾಕುವ ಪ್ರಸಂಗವೇ ಕಡಿಮೆ. ಆಮೇಲೂ ಚೋಕ್ ಆದರೆ ಭತ್ತ ತಾನೇ ಹೊರಗೆ ಸುರಿಯುವಂತೆ ಬೂಟ್‌ನ ತಳಕ್ಕೆ ಜಾರು ಬಾಗಿಲು ಮಾಡಿಸಿ. ಬ್ಯಾಕ್‌ಸ್ಟಾಪ್ ಹಾಕಿಸಿ. ಮೇನ್ ಸ್ವಿಚ್‌ಗೆ ಬೀಗ, ಬೀಗದ ಕೈ ಬೂಟ್ ಹತ್ತಿರ ಇರುವವನ ಜೇಬಿನಲ್ಲಿ. ಬಾಚಲು ಉದ್ದ ಹಿಡಿಯ ಕೊಕ್ಕೆ. ಎಚ್ಚರಿಕೆಯ ಮಾತು, ಹೆಲ್ಮೆಟ್ಟು ಎಲ್ಲಾ ಕೊನೆಗೆ. ಈ ಕ್ರಮ ನಾನು ಕಂಡುಹಿಡಿದದ್ದಲ್ಲ, ಇಡೀ ಜಗತ್ತು ಬಳಸುವುದು ಇದನ್ನೇ: ಅಪಾಯ ತೆಗೆದುಹಾಕು, ಆಗದಿದ್ದರೆ ಬದಲಿ ಹುಡುಕು, ಆಗದಿದ್ದರೆ ಯಂತ್ರದಲ್ಲೇ ಅಡ್ಡ ಕಟ್ಟು, ಆಮೇಲೆ ನಿಯಮ ಮಾಡು, ಕಟ್ಟಕಡೆಗೆ ಮೈಮೇಲಿನ ರಕ್ಷಣೆ. ನಾವು ಮಾತ್ರ ಬಾಲದಿಂದ ಶುರು ಮಾಡುತ್ತೇವೆ, ಯಾಕಂದರೆ ಬಾಲ ಅಗ್ಗ.

ಇನ್ನೂ ಒಪ್ಪದವರಿಗೆ ಗ್ಯಾಸಿನ ಉದಾಹರಣೆ. ಉಕ್ಕು, ಸ್ಪಂಜ್ ಐರನ್ ಕೆಲಸ ಇರುವಲ್ಲೆಲ್ಲಾ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಟ್ಯಾಂಕಿನೊಳಗೆ ಆಮ್ಲಜನಕ 20.9 ಶೇಕಡಾದಿಂದ 19.5ಕ್ಕಿಂತ ಕೆಳಗಿಳಿದರೆ ಒಳಗೆ ಹೋಗಬಾರದು ಅನ್ನುತ್ತಾರೆ, ಆ ವ್ಯತ್ಯಾಸ ಯಾವ ಮೂಗಿಗೂ ತಿಳಿಯುವುದಿಲ್ಲ. ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಚೂರೂ ಮೈಮರೆಯದೆ ಇಳಿದವನೂ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಗೆಳೆಯನೂ ಬೀಳುತ್ತಾನೆ. ಇಲ್ಲಿ ಬೇಕಿರುವುದು ಗ್ಯಾಸ್ ಡಿಟೆಕ್ಟರ್, ಬ್ಲೋವರ್, ಹೊರಗೊಬ್ಬ ಕಾವಲು, ಮೇಲಿಂದ ಎಳೆಯಲು ಹಗ್ಗ.

ಕೆಲಸಗಾರರ ತಪ್ಪೇ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 111ನೇ ಸೆಕ್ಷನ್‌ನಲ್ಲಿ ಅವರ ಹೊಣೆಯೂ ಇತ್ತು. ಆದರೆ ಅದೇ ಕಾಯ್ದೆಯ 21ನೇ ಸೆಕ್ಷನ್ ತಿರುಗುವ ಭಾಗಗಳಿಗೆ ಗಟ್ಟಿ ಬೇಲಿ ಹಾಕಿ ಅಂದಿತ್ತು. ‘ಬೆಲ್ಟ್ ಹತ್ತಿರ ಹುಷಾರಾಗಿ ಓಡಾಡಿ’ ಅಂತ ಬರೆದು ಕೈ ತೊಳೆದುಕೊಳ್ಳಲಿಲ್ಲ. ಮನುಷ್ಯ ಅಂದಮೇಲೆ ತಪ್ಪುತ್ತಾನೆ. ನೈಟ್ ಶಿಫ್ಟ್‌ನ ನಾಲ್ಕು ಗಂಟೆಗೆ ನಾನೂ ತಪ್ಪುತ್ತೇನೆ, ನೀವೂ ತಪ್ಪುತ್ತೀರಿ. ತಪ್ಪಿದಾಗ ಕೈ ಉಳಿಯುತ್ತಾ ಅನ್ನುವುದನ್ನು ಜೆಎಸ್‌ಎ ನೋಡಬೇಕು.

ನಿಮ್ಮ ಪ್ರಶ್ನೆ ಕಲಿಸುವುದರ ಬಗ್ಗೆ ಇತ್ತು, ಮರೆತಿಲ್ಲ. ಮೊದಲ ದಿನ ಪ್ರೊಜೆಕ್ಟರ್ ಬೇಡ. ಒಂದೇ ಒಂದು ಕೆಲಸ ಆರಿಸಿ. ರಿಪೇರಿ, ಚೋಕ್ ತೆಗೆಯುವುದು, ವರ್ಷಕ್ಕೊಮ್ಮೆ ಮಾಡುವ ಕ್ಲೀನಿಂಗ್, ಹೊಸದಾಗಿ ಬಂದ ಮೆಷಿನ್, ಇಂಥವು ಮೊದಲು. ಮ್ಯಾನೇಜರ್‌ಗಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಸುಮ್ನೆ ನಿಲ್ಲಿಸಿ, ಬಾಯಿ ಬಿಡಬಾರದು, ನೋಡಿದ್ದನ್ನು ಬರೆಯಬೇಕು. ಅರ್ಧ ತಾಸು ಸುಮ್ಮನೆ ನಿಲ್ಲುವುದೇ ಅವರಿಗೆ ದೊಡ್ಡ ಶಿಕ್ಷೆ. ಕೆಲಸ ಮಾಡುವವನಿಗೆ ಮೊದಲೇ ಹೇಳಿ: “ನಾವು ನೋಡೋದು ಕೆಲಸಾನ, ನಿನ್ನಲ್ಲಪ್ಪಾ.” ಹೇಳದಿದ್ದರೆ ಅವನು ಅವತ್ತು ಮಾತ್ರ ಶಿಸ್ತಾಗಿ ನಾಟಕ ಆಡುತ್ತಾನೆ, ನೀವು ನಾಟಕದ ಜೆಎಸ್‌ಎ ಬರೆಯುತ್ತೀರಿ. ಹಂತಗಳು ಆರರಿಂದ ಹತ್ತು ಇದ್ದರೆ ಸಾಕು. ಒಬ್ಬ ಮ್ಯಾನೇಜರ್ ‘ಎಲಿವೇಟರ್ ರಿಪೇರಿ’ ಅಂತ ಒಂದೇ ಸಾಲು ಬರೆದ, ಇನ್ನೊಬ್ಬ ‘ಬಲಗೈಯಲ್ಲಿ ಸ್ಪ್ಯಾನರ್ ಹಿಡಿಯುವುದು’ ಅಂತ ಶುರು ಮಾಡಿ ನಲವತ್ತು ಹಂತ ಬರೆದ. ಎರಡೂ ಕೆಲಸಕ್ಕೆ ಬರಲಿಲ್ಲ. ಎರಡನೇ ದಿನ ಮೂರನೇ ಕಾಲಂ, ಒಂದೇ ಷರತ್ತು: ‘ಎಚ್ಚರಿಕೆ’, ‘ಹುಷಾರು’, ‘ಜಾಗ್ರತೆ’ ಈ ಮೂರು ಪದ ನಿಷೇಧ. ಹತ್ತು ನಿಮಿಷ ಪೆನ್ ಕಚ್ಚುತ್ತಾ ಕೂರುತ್ತಾರೆ. ಆಮೇಲೆ ಯಾರೋ ಒಬ್ಬರು ‘ಸರ್, ಅಲ್ಲೊಂದು ಗೇಟ್ ಮಾಡಿಸಬಹುದಲ್ವಾ?’ ಅನ್ನುತ್ತಾರೆ. ಆ ಮಾತು ಕೇಳಿದಾಗ ಆಗುವ ಖುಷಿಗೇ ನಾನು ಈ ವೃತ್ತಿಯಲ್ಲಿ ಉಳಿದಿರುವುದು. ಹಾಳೆಯನ್ನು ಆಪರೇಟರ್‌ಗೆ ಓದಿ ತೋರಿಸಿ. ಅವನು ನಕ್ಕರೆ ತಪ್ಪಿದೆ ಅಂತ ಅರ್ಥ.

‘ಇದು ಸೇಫ್ಟಿ ಆಫೀಸರ್ ಕೆಲಸ ಅಲ್ವಾ’ ಅಂತ ಕೇಳುತ್ತಾರೆ. ಹಳೇ ಕಾಯ್ದೆಯಲ್ಲಿ ಸೇಫ್ಟಿ ಆಫೀಸರ್ ಕಡ್ಡಾಯ ಇದ್ದದ್ದು ಸಾವಿರ ಜನರ ಕಾರ್ಖಾನೆಗೆ. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸುರಕ್ಷತೆ, ಆರೋಗ್ಯದ ಸಂಹಿತೆ ಅದನ್ನು 500ಕ್ಕೆ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250ಕ್ಕೆ ಇಳಿಸಿದೆ. ನಲವತ್ತು ಜನರ ಮಿಲ್ಲಿನಲ್ಲಿ ಆ ಆಫೀಸರ್ ಎಲ್ಲಿಂದ ಬರಬೇಕು? ಜಾರು ಬಾಗಿಲಿಗೆ ದುಡ್ಡು ಕೊಡಿಸುವವನೂ ಮ್ಯಾನೇಜರ್, ಮೆಷಿನ್ ನಿಲ್ಲಿಸು ಅನ್ನುವ ಅಧಿಕಾರ ಇರುವವನೂ ಮ್ಯಾನೇಜರ್.

ಇಷ್ಟೆಲ್ಲಾ ಕೇಳುವವರು ನಮ್ಮೂರಿನ ದೊಡ್ಡ ಅಪಾಯದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅದು ಬಿಸಿಲು. ರಾಯಚೂರು, ಬಳ್ಳಾರಿ, ಕೊಪ್ಪಳದ ಯಾವ ಜೆಎಸ್‌ಎಯಲ್ಲೂ ನಾನು ಬಿಸಿಲನ್ನು ಕಂಡಿಲ್ಲ, ಯಾಕಂದರೆ ‘ನಮಗದು ರೂಢಿ ಸರ್’. ರೂಢಿ ಇರುವುದು ನಿಮಗೆ. ಬಿಹಾರದಿಂದ ನಿನ್ನೆ ರೈಲು ಇಳಿದ ಹುಡುಗನಿಗೂ, ಒಂದು ತಿಂಗಳು ಜ್ವರ ಬಂದು ಮಲಗಿ ಎದ್ದವನಿಗೂ ಇಲ್ಲ. ಬಿಸಿಯಲ್ಲಿ ಹೊಸಬರಿಗೆ ಮೊದಲ ದಿನ ಪೂರ್ತಿ ಕೆಲಸದ ಶೇ. 20ರಷ್ಟೇ ಕೊಡಿ, ಆಮೇಲೆ ದಿನಕ್ಕೆ ಶೇ. 20ರಂತೆ ಏರಿಸಿ ಅನ್ನುತ್ತದೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್. ನಾವು ಮೊದಲ ದಿನವೇ ಮಧ್ಯಾಹ್ನ ಎರಡಕ್ಕೆ ತಗಡಿನ ಶೆಡ್ ಕೆಳಗೆ ಲಾರಿ ಖಾಲಿ ಮಾಡಿಸುತ್ತೇವೆ.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ನಡೆಯುವುದು ನಿಮಗೆ ಗೊತ್ತೇ ಇದೆ. ಅದೂ ಒಂದು ಜೆಎಸ್‌ಎಯೇ, ಅದೂ ಫ್ಯಾನ್ ಕೆಳಗೆ ಕೂರುವವರಿಗೆ. ಬಿಸಿಲಲ್ಲಿ ಹುಷಾರಾಗಿ ಫೈಲ್ ನೋಡಿ ಅಂತ ಆದೇಶ ಹೊರಡಿಸಲಿಲ್ಲ, ಟೈಮನ್ನೇ ಬದಲಾಯಿಸಿದರು. ಹಮಾಲರಿಗೂ ಹಾಗೇ ಮಾಡಬಹುದು. ಲಾರಿ ಮಧ್ಯಾಹ್ನ ಬಂದರೆ ಬರಲಿ. ಡ್ರೈವರ್‌ಗೆ ಬೇವಿನ ಮರದ ನೆರಳು ತೋರಿಸಿ, ಒಂದು ಚರಿಗೆ ಮಜ್ಜಿಗೆ ಕೊಡಿ, ಚೀಲವನ್ನು ಸಂಜೆ ಐದರ ಮೇಲೆ ಇಳಿಸಿಕೊಳ್ಳಿ.