ಮಹಡಿ ಕಟ್ಟಿಕೊಟ್ಟರೂ ಫುಟ್‌ಪಾತ್ ಬಿಡುವುದಿಲ್ಲವೇಕೆ?

ಪ್ರಶ್ನೆ: ಆಫ್ರಿಕಾದ ನಗರಗಳಲ್ಲಿ ವ್ಯಾಪಾರಿ ಹೆಂಗಸರಿಗೆ ಹೊಸ ಮಹಡಿ ಮಾರುಕಟ್ಟೆ ಕಟ್ಟಿಕೊಟ್ಟರೂ ಮತ್ತೆ ರಸ್ತೆಗೇ ಬಂದು ಕೂರುತ್ತಾರಂತೆ. ಶಿಸ್ತಿಲ್ಲದ್ದಕ್ಕೆ ತಾನೆ?

ಉತ್ತರ: ಅಲ್ಲ. ಕೇಳುವವರು ಬದಲಾದರೂ ಪ್ರಶ್ನೆ ಬದಲಾಗುತ್ತಿಲ್ಲ, ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ಹೇಳುತ್ತೇನೆ.

ಸೊಪ್ಪು, ಟೊಮೆಟೊ ಕೊಳ್ಳುವವರಲ್ಲಿ ಹೆಚ್ಚಿನವರು ಅದಕ್ಕೆಂದೇ ಹೊರಟವರಲ್ಲ. ಬಸ್ಸಿಳಿದು ಮನೆಗೆ ನಡೆಯುವಾಗ ಕಣ್ಣಿಗೆ ಬಿದ್ದದ್ದನ್ನು ಕೊಳ್ಳುತ್ತಾರೆ. ಒಂದು ಕಟ್ಟು ಸೊಪ್ಪಿಗೆ ಎರಡು ಮಹಡಿ ಹತ್ತುವವರು ಯಾರು? ಮಾಲು ಮೇಲೇರಿಸಬೇಕಾದದ್ದೂ ಇದೆ. ಘಾನಾದ ಅಕ್ರಾದಲ್ಲಿ ಹೊರೆ ತಲೆಯ ಮೇಲೆ ಹೊರುವವರು ಕಯಾಯೇ ಹುಡುಗಿಯರು. ಮೆಟ್ಟಿಲು ಹೆಚ್ಚಿದಷ್ಟೂ ಕೂಲಿ ಹೆಚ್ಚು. ಕೆಳಗೆ ಕೂತವಳಿಗೆ ಆ ಖರ್ಚಿಲ್ಲದ್ದರಿಂದ ಅಗ್ಗಕ್ಕೆ ಮಾರುತ್ತಾಳೆ, ಮೇಲಿನವಳ ಹಣ್ಣು ಸಂಜೆಗೆ ಮೆತ್ತಗಾಗುತ್ತದೆ. ಜೊತೆಗೆ ಮುಂಗಡ, ತಿಂಗಳ ಬಾಡಿಗೆ! ಬೆಳಗಿನ ಸಾಲ ಸಂಜೆ ತೀರಿಸುವವಳಿಗೆ ಹೊಂದುವುದು ದಿನದ ಸುಂಕ. ಬಟ್ಟೆ ವ್ಯಾಪಾರಿ ಮಹಡಿಯಲ್ಲೂ ಬದುಕಿಯಾಳು, ಗಿರಾಕಿ ಅವಳನ್ನು ಹುಡುಕಿಕೊಂಡು ಬರುತ್ತಾನೆ.

ಹಾಗೆಂದು ಎತ್ತರವೇ ಶತ್ರುವಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 1996ರ ಸುಮಾರಿಗೆ ಶುರುವಾದ ವಾರ್ವಿಕ್ ಜಂಕ್ಷನ್ ಯೋಜನೆಯಲ್ಲಿ, ಬಳಕೆಯಿಲ್ಲದೆ ಬಿದ್ದಿದ್ದ ಮೇಲ್ಸೇತುವೆಯನ್ನೇ ಗಿಡಮೂಲಿಕೆ ಮಾರುಕಟ್ಟೆ ಮಾಡಿದರು. ಕಾಲುಸೇತುವೆ ಕಟ್ಟಿ ಅದನ್ನು ಜನ ನಡೆಯುವ ದಾರಿಗೇ ಸೇರಿಸಿದ್ದರಿಂದ ವ್ಯಾಪಾರ ನಡೆಯಿತು. ಅಲ್ಲೇ ದನದ ತಲೆ ಬೇಯಿಸಿ ಮಾರುವ ಹೆಂಗಸರಿದ್ದಾರೆ. ಕೊಬ್ಬಿನ ನೀರು ಮಳೆನೀರಿನ ಚರಂಡಿಗೆ ಹೋಗಿ ಗಟ್ಟಿಯಾಗುತ್ತಿತ್ತು. ಅವರನ್ನು ಎಬ್ಬಿಸುವ ಬದಲು ನಲ್ಲಿ, ಕೊಬ್ಬು ತಡೆಯುವ ತೊಟ್ಟಿ ಇರುವ ಕಟ್ಟೆ ಕೊಟ್ಟರು. ತೊಟ್ಟಿಯಲ್ಲಿ ನೀರು ತಣ್ಣಗಾದಾಗ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ಆಗಾಗ ಬಾಚಿ ತೆಗೆಯದಿದ್ದರೆ ಮತ್ತೆ ಚರಂಡಿ ಕಟ್ಟಿಕೊಳ್ಳುತ್ತದೆ. ಕಟ್ಟುವವರು ಸಾಮಾನ್ಯವಾಗಿ ಮರೆಯುವುದು ಈ ಬಾಚುವ ಕೆಲಸ ಯಾರದು ಎಂಬುದನ್ನೇ. ಇಷ್ಟು ಕಂಡ ಊರಿನಲ್ಲೇ 2009ರಲ್ಲಿ, 1910ರ ಅರ್ಲಿ ಮಾರ್ನಿಂಗ್ ಮಾರ್ಕೆಟ್ ಕೆಡವಿ ಮಾಲ್ ಕಟ್ಟಲು ಹೊರಟಿದ್ದರು. ವ್ಯಾಪಾರಿಗಳು ಹೋರಾಡಿದರು, ಮಾಲ್ ಬರಲಿಲ್ಲ.

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು: ಮಕ್ಕಳೆಲ್ಲಿ? ಬೆನ್ನಿಗೆ ಕಟ್ಟಿದ ಕೂಸು ಒಲೆಯ ಹೊಗೆಯಲ್ಲೇ ಇರುತ್ತದೆ. ನಕ್ಷೆಯಲ್ಲಿ ಶಿಶುವಿಹಾರ ಇದ್ದರೂ ಅದು ತೆರೆಯುವುದು ಎಂಟಕ್ಕೆ, ಮಾಲು ಇಳಿಯುವುದು ನಸುಕಿಗೆ. ಪಕ್ಕದವಳಿಗೆ ಅಂಗಡಿ ಒಪ್ಪಿಸಿ, ಹೋಗಿ ಹಾಲೂಡಿಸಿ ಬರುವಷ್ಟು ಹತ್ತಿರದಲ್ಲಿ ಅದಿರಬೇಕು. ಅದರ ಶುಲ್ಕವೂ ದಿನದ ಲೆಕ್ಕದಲ್ಲೇ ಇರಲಿ, ವ್ಯಾಪಾರವಿಲ್ಲದ ದಿನ ಅವಳು ಕೂಸನ್ನು ಕರೆದುಕೊಂಡು ಬರುವುದೇ ಇಲ್ಲ.