ಮೂವತ್ತಕ್ಕೆ ಇಪ್ಪತ್ತು ಕೂಡಿಸಿದರೆ ನಲವತ್ತಮೂರು

ಜಗಳೂರು ಕಡೆಯ ಯಜಮಾನರೊಬ್ಬರು, ಅಂಗವೈಕಲ್ಯ ಎಷ್ಟು ಪರ್ಸೆಂಟ್ ಎಂದು ಅಳೆದು ಸರ್ಟಿಫಿಕೇಟ್ ಕೊಡುವ ನಮ್ಮ ಮೆಡಿಕಲ್ ಬೋರ್ಡಿಗೆ ಬಂದಿದ್ದರು. ಮೆಕ್ಕೆಜೋಳ ಒಕ್ಕುವ ಮಷಿನ್ನಿನಿಂದ ಸಿಡಿದ ಚೂರು ಎಡಗಣ್ಣನ್ನು ತೆಗೆದಿತ್ತು. ಕಣ್ಣಿನ ಡಾಕ್ಟರು ನೋಡಿ 30 ಪರ್ಸೆಂಟ್ ಬರೆದರು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಸಿಗುವುದು ಅಷ್ಟೇ.

“ಕಣ್ಣೇ ಹೋದ್ರೂ ಮೂವತ್ತೇನ್ರಿ ಸಾರ್?” ಎಂದು ಗೊಣಗುತ್ತಾ ಎದ್ದರು. ಪಕ್ಕದಲ್ಲಿದ್ದ ನಾನು ಮೂಳೆ ಡಾಕ್ಟರು, ಜನ ನಡೆಯುವುದನ್ನು ನೋಡುವುದೇ ನನ್ನ ಚಾಳಿ. ಅವರ ಬಲಗಾಲು ಮಂಡಿಯಲ್ಲಿ ಮಡಚುತ್ತಲೇ ಇರಲಿಲ್ಲ.

“ಕಾಲಿಗೇನಾಗಿತ್ತು?”

“ಅದು ಹಳೇದು ಬಿಡ್ರಿ, ಟ್ರ್ಯಾಕ್ಟರಿಂದ ಬಿದ್ದಿದ್ದೆ. ನಾನೀಗ ಬಂದಿರೋದು ಕಣ್ಣಿಗೆ.”

ಸೌಲಭ್ಯ ಕೈತಪ್ಪುವುದು ಹೆಚ್ಚಾಗಿ ಹೀಗೆ. ಅರ್ಜಿಯಲ್ಲಿ ಕಣ್ಣು ಎಂದಷ್ಟೇ ಇದ್ದರೆ ಕಣ್ಣನ್ನಷ್ಟೇ ನೋಡಿ ಕಳಿಸುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಒಬ್ಬರಿಗೇ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮಾಸಾಶನ, ಉದ್ಯೋಗದಲ್ಲಿ ಶೇ. 4 ಮೀಸಲಾತಿ, ಉನ್ನತ ಶಿಕ್ಷಣದಲ್ಲಿ ಶೇ. 5 ಸೀಟು ಇವುಗಳಿಗೆಲ್ಲ ಬಾಗಿಲು ತೆರೆಯುವುದು 40 ಪರ್ಸೆಂಟಿಗೆ. 39 ಬಂದವರಿಗೂ ಅಂಗವಿಕಲರ ಗುರುತಿನ ಕಾರ್ಡು ಸಿಗುತ್ತದೆ, ಬಿಳಿ ಬಣ್ಣದ್ದು. 40ರಿಂದ ಹಳದಿ, 80ರಿಂದ ನೀಲಿ.

ಕೂಡಿಸುವ ಲೆಕ್ಕ ಮಾತ್ರ ಸಂತೆಯ ಲೆಕ್ಕವಲ್ಲ. ದೊಡ್ಡ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಳ್ಳಬೇಕು. 90ರಿಂದ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಯಜಮಾನರ ಕಾಲನ್ನು ಅಳೆದಾಗ 20 ಬಂತು. 90ರಲ್ಲಿ 30 ಹೋದರೆ 60. ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13 ಚಿಲ್ಲರೆ. ಒಟ್ಟು 43. “ಐವತ್ತಾಗ್ಬೇಕಲ್ರಿ” ಎಂದು ಅವರು ಕೇಳಿದ್ದು ನ್ಯಾಯವೇ. ಆದರೂ 40ರ ಗೆರೆ ದಾಟಿತ್ತಲ್ಲ.

ಬೋರ್ಡ್ ಅಳೆಯುವುದು ಕಾಯಿಲೆಯನ್ನಲ್ಲ, ಕಾಯಿಲೆ ಬಿಟ್ಟುಹೋದ ಕೊರತೆಯನ್ನು. ಇದು ಜನರಿಗೆ ತಿಳಿಸಿ ಹೇಳಲು ಕಷ್ಟದ ಮಾತು. ಶುಗರ್, ಬಿಪಿ, ಬರೀ ಬೆನ್ನುನೋವಿನ ಫೈಲು ಎಷ್ಟು ದಪ್ಪ ಇದ್ದರೂ ಪರ್ಸೆಂಟ್ ಬರುವುದಿಲ್ಲ. ಅದೇ ಶುಗರಿನಿಂದ ಕಾಲು ತೆಗೆದಿದ್ದರೆ ಬರುತ್ತದೆ. ನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ, ಬರೀ ನೋವಿಗೆ ನಮ್ಮ ಬಳಿ ಅಳತೆಗೋಲಿಲ್ಲ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎನ್ನುವುದಕ್ಕಿದೆ. ಲಕ್ವ ಹೊಡೆದವರನ್ನು ಮರುವಾರವೇ ಆಟೋದಲ್ಲಿ ಹೊತ್ತು ತರುತ್ತಾರೆ. ಆರು ತಿಂಗಳು ಕಳೆಯದೆ ಅಳೆಯುವಂತಿಲ್ಲ, ಅಷ್ಟರಲ್ಲಿ ಎಷ್ಟೋ ಜನರ ಕೈಕಾಲು ಸುಧಾರಿಸುತ್ತದೆ. ಆ ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿ, ಡಿಸ್ಚಾರ್ಜ್ ಚೀಟಿ, ಸ್ಕ್ಯಾನು ಜೋಪಾನ ಮಾಡಿ.

ಇನ್ನೊಂದು ವಿಚಿತ್ರ ನೋಡಿದ್ದೇನೆ. ಕಾಲು ತೋರಿಸಲು ಬಂದವರು ಇರುವುದಕ್ಕಿಂತ ಹೆಚ್ಚು ಕುಂಟುತ್ತಾರೆ. ಮಾನಸಿಕ ಕಾಯಿಲೆಯ ಮಗನನ್ನು ಕರೆತಂದ ತಾಯಿ ಮಾತ್ರ ಇರುವುದನ್ನೇ ಮುಚ್ಚಿಡುತ್ತಾಳೆ. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಶರ್ಟು ತೊಡಿಸಿ, “ಎಲ್ಲಾ ಅವನೇ ಮಾಡ್ಕಂತಾನೆ ಸಾರ್” ಎನ್ನುತ್ತಾಳೆ. ಅಲ್ಲಿ ಬಳಸುವುದು ಐಡಿಯಾಸ್ ಎಂಬ ಮಾಪನ. ತನ್ನ ಆರೈಕೆ ತಾನು ಮಾಡಿಕೊಳ್ಳುತ್ತಾನೆಯೇ, ಜನರ ಜೊತೆ ಹೇಗಿರುತ್ತಾನೆ, ಮಾತು ತಿಳಿದು ಉತ್ತರಿಸುತ್ತಾನೆಯೇ, ಕೆಲಸ ಮಾಡುತ್ತಾನೆಯೇ ಎಂಬ ನಾಲ್ಕು ವಿಷಯಗಳ ಮೇಲೆ ಅಂಕ, ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೂ ಅಂಕ. ಸ್ನಾನಕ್ಕೆ ದಿನಾ ನೀವೇ ಎಬ್ಬಿಸಿ ಕಳಿಸಬೇಕಾದರೆ ಅದನ್ನು ಹೇಳಿ, ತಾಯಿ. ಅದು ಮರ್ಯಾದೆಯ ಪ್ರಶ್ನೆಯಲ್ಲ. ನೀವು ಮುಚ್ಚಿಟ್ಟ ಅಂಕವನ್ನು ಡಾಕ್ಟರು ಊಹಿಸಿ ಬರೆಯಲಾರರು.

ಓದು, ಬರಹ, ಲೆಕ್ಕ ಕಲಿಯುವುದೇ ಕಷ್ಟವಾಗುವ ಕಲಿಕಾ ನ್ಯೂನತೆಯ ಮಕ್ಕಳಿಗೆ 8 ವರ್ಷ ತುಂಬುವ ಮೊದಲು ಸರ್ಟಿಫಿಕೇಟ್ ಇಲ್ಲ. ಆಮೇಲೆ 14ಕ್ಕೆ, 18ಕ್ಕೆ ಮತ್ತೆ ತೋರಿಸಬೇಕು. ಸುಧಾರಿಸಬಹುದಾದ ಸ್ಥಿತಿಯಿದ್ದರೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಅದರ ಅವಧಿ ಮುಗಿದರೆ ಮಾಸಾಶನವೂ ನಿಲ್ಲಬಹುದು. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಸರ್ಟಿಫಿಕೇಟಿಗೂ ಕಾರ್ಡಿಗೂ ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ. ಆಧಾರ್, ಫೋಟೋ, ಸಹಿ ಇಲ್ಲವೇ ಹೆಬ್ಬೆಟ್ಟು ಸಾಕು, ಫೀಸಿಲ್ಲ. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ವಿಆರ್‌ಡಬ್ಲ್ಯೂ ಎಂದರೆ ಊರಲ್ಲಿ ಗೊತ್ತಾಗುತ್ತದೆ. ಹಲವರು ಸ್ವತಃ ಅಂಗವಿಕಲರೇ ಆದ್ದರಿಂದ ಈ ದಾರಿ ನಡೆದು ಬಲ್ಲವರು. ಅವರಿರುವಾಗ ಆಸ್ಪತ್ರೆ ಗೇಟಿನಲ್ಲಿ “ಪರ್ಸೆಂಟ್ ಮಾಡಿಸಿಕೊಡ್ತೀನಿ” ಎನ್ನುವವನ ಕೈಗೆ ದುಡ್ಡು ಕೊಡಬೇಡಿ. ಗಾಲಿಕುರ್ಚಿ, ಕೃತಕ ಕಾಲು, ಶ್ರವಣ ಸಾಧನ ಬೇಕಿದ್ದವರು ದಾವಣಗೆರೆಯಲ್ಲೇ ಇರುವ ಕೇಂದ್ರ ಸರ್ಕಾರದ ಅಂಗವಿಕಲರ ಪುನರ್ವಸತಿ ಕೇಂದ್ರದಲ್ಲಿ (ಸಿಆರ್‌ಸಿ) ವಿಚಾರಿಸಿ.

ಕಾರ್ಡು ಬಂದ ಮೇಲೆ ಹಣ ತಾನಾಗಿಯೇ ಬರುತ್ತದೆ ಎಂದು ವರ್ಷಗಟ್ಟಲೆ ಕಾದು ಕೂತವರನ್ನು ಕಂಡಿದ್ದೇನೆ. ಕಾರ್ಡು ಆಸ್ಪತ್ರೆಯದ್ದು, ಮಾಸಾಶನ ಕಂದಾಯ ಇಲಾಖೆಯದ್ದು. ನಾಡಕಚೇರಿಯಲ್ಲಿ ಬೇರೆಯದೇ ಅರ್ಜಿ ಹಾಕಬೇಕು. ಗ್ರಾಮ ಆಡಳಿತ ಅಧಿಕಾರಿ, ರೆವಿನ್ಯೂ ಇನ್ಸ್‌ಪೆಕ್ಟರ್ ವರದಿ ಕೊಟ್ಟ ಮೇಲೆ ತಹಶೀಲ್ದಾರರ ಕಚೇರಿಯಿಂದ ಆದೇಶ. 40ರಿಂದ ಮೇಲಿದ್ದರೆ ತಿಂಗಳಿಗೆ 800 ರೂಪಾಯಿ, 75 ಮುಟ್ಟಿದರೆ 1,400, ತೀವ್ರ ಬುದ್ಧಿಮಾಂದ್ಯತೆ ಇದ್ದವರಿಗೆ 2,000. 74 ಬಂದವರು “ಇನ್ನೊಂದು ಹಾಕ್ರಿ ಸಾರ್” ಎಂದು ಕೈಮುಗಿಯುವುದು ಇದಕ್ಕೇ. ಒಂದು ಪರ್ಸೆಂಟಿಗೆ 600 ರೂಪಾಯಿ ವ್ಯತ್ಯಾಸ ಮಾಡಿಟ್ಟವರು ಆ ಮುಖವನ್ನು ಎದುರಿಗೆ ಕೂತು ನೋಡಿಲ್ಲ.

ಆದಾಯದ ಮಿತಿ ವರ್ಷಕ್ಕೆ 32,000. ದಿನಕ್ಕೆ 90 ರೂಪಾಯಿಯೂ ಆಗಲಿಲ್ಲ. ಈ ಕಾಲದಲ್ಲಿ ಇದೊಂದು ಮಿತಿಯೇ ಎಂದು ನನಗೂ ಅನ್ನಿಸುತ್ತದೆ, ಆದರೆ ಅರ್ಜಿ ನಿಲ್ಲುವುದು ಅಲ್ಲೇ. ಯಜಮಾನರದ್ದೂ ನಿಂತಿತು. ಮಗ ಕಾಲೇಜಿನ ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ್ದ ಆದಾಯ ಪ್ರಮಾಣಪತ್ರದಲ್ಲಿ 60,000 ಇತ್ತು. ಸ್ಕಾಲರ್‌ಶಿಪ್ಪಿಗೆ ಅದು ನಡೆಯಿತು, ಅಪ್ಪನ ಮಾಸಾಶನಕ್ಕೆ ನಡೆಯಲಿಲ್ಲ. ಇರುವ ಸಂಗತಿ ಹೇಳಿ ಮತ್ತೆ ವಿಚಾರಣೆ ಮಾಡಿಸಿ, ಹೊಸ ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಒಂದು ಮುಂಗಾರು ಕಳೆದಿತ್ತು. ಮನೆಯಲ್ಲಿ ಒಬ್ಬರು ಆದಾಯ ಬರೆಸುವಾಗ ಇನ್ನೊಬ್ಬರ ಅರ್ಜಿಯನ್ನೂ ನೆನೆಯಬೇಕು.

ಆದೇಶ ಬಂದರೂ ಪಾಸ್‌ಬುಕ್ಕಿನಲ್ಲಿ ಹಣ ಕಾಣಲಿಲ್ಲ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಬೆಳೆ ವಿಮೆಗೆಂದು ಯಾವಾಗಲೋ ತೆರೆದು ಮರೆತಿದ್ದ ಬ್ಯಾಂಕಿನಲ್ಲಿ ಮೂರು ತಿಂಗಳ 2,400 ರೂಪಾಯಿ ಸುಮ್ಮನೆ ಕೂತಿತ್ತು.

ಈಚೆಗೆ ಅವರು ಮತ್ತೆ ಬಂದಿದ್ದರು, ಹೆಂಡತಿಯನ್ನು ಕರಕೊಂಡು. ಆಕೆಗೆ ಕಿವಿ ಕೇಳಿಸುವುದಿಲ್ಲ.

“ಒಂದು ಕಿವಿಯೋ, ಎರಡೂನೋ?” ಎಂದೆ. ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟವಾಗಿರಬೇಕು, ಒಂದೇ ಕಿವಿಯಾದರೆ ಲೆಕ್ಕಕ್ಕಿಲ್ಲ.

“ಎರಡೂ ಸಾರ್. ಜೊತೆಗೆ ಮಂಡಿ ನೋವೂ ಐತೆ, ಅದನ್ನೂ ಬರಿಸ್ಲೇನ್ರಿ?”

“ಮಂಡಿ ಮಡಚುತ್ತಾ?”

“ಮಡಚುತ್ತೆ.”

“ಹಂಗಾದ್ರೆ ಕಿವಿ ಅಷ್ಟೇ ಬರಿಸ್ರಿ.”